ಹೊರಡುವ ಗಳಿಗೆ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಹೊಸ ತಲೆಮಾರಿನವರು ಇದನ್ನು ಅಲಂಕಾರದ ನುಡಿಯೆಂದು ಭಾವಿಸಬಹುದು. ಆದರೆ ನಮ್ಮ ಅಜ್ಜಿಯರ, ಮುತ್ತಜ್ಜಿಯರ ಪಾಲಿಗೆ ಅದು ಕಂಡುಂಡ ಸತ್ಯವಾಗಿತ್ತು. 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯು, ಅಂದಿನ ಬ್ರಿಟಿಷ್ ಭಾರತದಲ್ಲಿ ಪ್ರತಿ ಸಾವಿರ ಹೆರಿಗೆಗೆ ಸುಮಾರು 20 ಮಂದಿ ತಾಯಂದಿರು ಸಾಯುತ್ತಿದ್ದರೆಂದು ಅಂದಾಜು ಮಾಡಿತು. ಒಬ್ಬ ಹೆಣ್ಣುಮಗಳು ಏಳೆಂಟು ಬಾರಿ ಹೆರುವುದು ಸಾಮಾನ್ಯವಾಗಿದ್ದ ಕಾಲವದು. ಆ ಲೆಕ್ಕದಂತೆ, ಹತ್ತು ಮಂದಿ ಗೃಹಿಣಿಯರಲ್ಲಿ ಒಬ್ಬಳಾದರೂ ಬಾಣಂತಿಕೋಣೆಯಿಂದ ಜೀವಸಹಿತ ಹೊರಬರುತ್ತಿರಲಿಲ್ಲ.

ಇಂದಿನ ಚಿತ್ರ ಬೇರೆ. ಕರ್ನಾಟಕದಲ್ಲಿ 2001-03ರ ಅವಧಿಯಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಮರಣ ಹೊಂದುತ್ತಿದ್ದರು. 2018-20ರಲ್ಲಿ ಆ ಸಂಖ್ಯೆ 69ಕ್ಕೆ ಇಳಿಯಿತು. ಅಂದರೆ ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಈ ಬದಲಾವಣೆಗೆ ಔಷಧ, ಶಸ್ತ್ರಚಿಕಿತ್ಸೆ, ರಕ್ತನಿಧಿ ಎಲ್ಲವೂ ಕಾರಣವೇ. ಆದರೆ ಇವೆಲ್ಲದರ ಹಿಂದೆ ಮತ್ತೊಂದು ಸಂಗತಿಯಿದೆ. ಬೇನೆ ತಿನ್ನುತ್ತಿರುವ ಹೆಣ್ಣಿಗೂ ಅವಳನ್ನು ಉಳಿಸಬಲ್ಲ ಕೈಗಳಿಗೂ ನಡುವೆ ಇದ್ದ ಕಾಲದ ಅಂತರ ಕಿರಿದಾಯಿತು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹೆರಿಗೆಯ ಇತಿಹಾಸವೆಂದರೆ ಬಹುಮಟ್ಟಿಗೆ ಈ ಅಂತರದ ಇತಿಹಾಸವೇ.

ಕಾಲ ಏಕೆ ಅಷ್ಟು ಮುಖ್ಯ? ಹೆರಿಗೆಯ ಗಂಡಾಂತರಗಳಲ್ಲಿ ಒಂದೊಂದಕ್ಕೂ ಅದರದೇ ಗಡುವು ಉಂಟು. ಚಿಕಿತ್ಸೆ ದೊರೆಯದೆ ಹೋದರೆ ಗಡುವು ಸರಾಸರಿ ಎಷ್ಟೆಂಬುದನ್ನು ವೈದ್ಯಶಾಸ್ತ್ರಜ್ಞರು ಅಂದಾಜು ಮಾಡಿದ್ದಾರೆ. ಮಗು ಹೊರಬಂದ ಮೇಲೆ ರಕ್ತ ಧಾರೆಯಾಗಿ ಹರಿದರೆ ಸುಮಾರು 2 ಗಂಟೆ; ಹೆರಿಗೆಗೆ ಮುಂಚೆ ರಕ್ತಸ್ರಾವವಾದರೆ 12 ಗಂಟೆ; ಗರ್ಭಕೋಶ ಹರಿದರೆ ಒಂದು ದಿನ; ನಂಜೇರಿ ಫಿಟ್ಸ್ ಬಂದರೆ ಎರಡು ದಿನ; ಮಗು ಅಡ್ಡಸಿಕ್ಕಿ ಹೆರಿಗೆ ನಿಂತುಹೋದರೆ ಮೂರು ದಿನ; ಸೋಂಕು ತಗುಲಿದರೆ ಆರು ದಿನ. ಇದು ಸರಾಸರಿ ಮಾತ್ರ; ಎಷ್ಟೋ ಮಂದಿಗೆ ಅಷ್ಟು ಸಮಯವೂ ಸಿಗುವುದಿಲ್ಲ. ಈ ಗಡುವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಹಳೆಯ ದಾರಿಗಳನ್ನೊಮ್ಮೆ ನೋಡೋಣ.

ಬೆಂಗಳೂರಿನಿಂದ ಹೊರಟ ರೈಲು ಮದ್ದೂರು, ಮಂಡ್ಯಗಳನ್ನು ಹಾದು 1882ರ ಹೊತ್ತಿಗೆ ಮೈಸೂರನ್ನು ಮುಟ್ಟಿತು. ಮಳವಳ್ಳಿಗೆ ಮಾತ್ರ ರೈಲು ಬರಲಿಲ್ಲ. 1902ರಲ್ಲಿ ಅದೇ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ದೂರದ ಕೋಲಾರದ ಚಿನ್ನದ ಗಣಿಗಳನ್ನು ಬೆಳಗಿತು. ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆಗಳು ಆಮೇಲೆಯೂ ಬಹುಕಾಲ ಎಣ್ಣೆಯ ದೀಪದ ಬೆಳಕಿನಲ್ಲೇ ಆದವು. 1906ರಲ್ಲಿ ವೆಸ್ಲಿಯನ್ ಮಿಷನ್ನಿನವರು ಮೈಸೂರಿನಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಒಂದು ಆಸ್ಪತ್ರೆಯನ್ನು ತೆರೆದರು. ಹೋಲ್ಡ್ಸ್‌ವರ್ತ್ ಸ್ಮಾರಕವೆಂಬ ಅದರ ಹೆಸರು ಜನರ ಬಾಯಲ್ಲಿ ‘ಮಿಷನ್ ಆಸ್ಪತ್ರೆ’ಯಾಯಿತು. ಅರಸರ ಚೆಲುವಾಂಬ ಆಸ್ಪತ್ರೆಯೂ ಆ ಊರಿನಲ್ಲೇ ಇತ್ತು. ಆದರೆ ಮಳವಳ್ಳಿಯಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರು. ಎತ್ತಿನ ಗಾಡಿ ಗಂಟೆಗೆ ಮೂರು ನಾಲ್ಕು ಕಿಲೋಮೀಟರಿಗಿಂತ ಹೆಚ್ಚು ಸಾಗದು. ಸಂಜೆ ಹೊರಟ ಗಾಡಿ ಮರುದಿನ ಹೊತ್ತೇರಿದ ಮೇಲೆ ತಲುಪೀತು. ಎರಡು ಗಂಟೆಯ ಗಡುವಿನ ಗಂಡಾಂತರಕ್ಕೆ ಹನ್ನೆರಡು ಗಂಟೆಯ ದಾರಿ!

ಇದರ ಮೇಲೆ ಮತ್ತೊಂದು ಹೊರೆ ಬಿತ್ತು. ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ಇರ್ವಿನ್ ನಾಲೆಯಲ್ಲಿ ಹರಿದು ಈ ಸೀಮೆಯನ್ನು ಹಸಿರಾಗಿಸಿತು; ಕಬ್ಬು ಬಂತು, ಬತ್ತ ಬಂತು, ಜೊತೆಗೆ ಸೊಳ್ಳೆಯೂ ಮಲೇರಿಯಾ ಜ್ವರವೂ ಬಂದವು. ಮಲೇರಿಯಾ ಬಸುರಿಯ ರಕ್ತವನ್ನು ಕುಗ್ಗಿಸುತ್ತದೆ. ರಕ್ತಹೀನಳಾದವಳಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಡೆಯುವ ಶಕ್ತಿಯಿರುವುದಿಲ್ಲ. ಅವಳ ಗಡುವು ಇನ್ನೂ ಚಿಕ್ಕದು.

ಆ ದಿನಗಳಲ್ಲಿ ಮನೆಗೆ ಬರುತ್ತಿದ್ದವಳು ಸೂಲಗಿತ್ತಿ. ಅವಳನ್ನು ಅಜ್ಞಾನದ ಪ್ರತೀಕವೆಂದು ಬಗೆಯುವುದು ಕೃತಘ್ನತೆಯಾದೀತು. ತುಮಕೂರು ಜಿಲ್ಲೆಯ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಹೊಟ್ಟೆಯನ್ನು ಮುಟ್ಟಿ ಮಗುವಿನ ಇರವನ್ನು ಅರಿಯುವ ಆ ಕೈಗಳ ಜ್ಞಾನ ದೊಡ್ಡದು. ಅಂಥ ಹೆಂಗಸರು ನಮ್ಮ ಜಿಲ್ಲೆಯ ಊರೂರಿನಲ್ಲೂ ಇದ್ದರು. ಸಹಜ ಹೆರಿಗೆಯನ್ನು ಅವರು ಸುಸೂತ್ರವಾಗಿ ಮಾಡಿಸಬಲ್ಲವರಾಗಿದ್ದರು. ಆದರೆ ಕೈಯಿಂದ ರಕ್ತ ಕೊಡಲಾಗದು; ಅಡ್ಡಸಿಕ್ಕಿದ ಮಗುವನ್ನು ಶಸ್ತ್ರವಿಲ್ಲದೆ ತೆಗೆಯಲಾಗದು. ಅನುಭವಿ ಸೂಲಗಿತ್ತಿ ‘ಇದು ನನ್ನ ಕೈ ಮೀರಿದ್ದು’ ಎಂದಾಗಲೂ ಕಳುಹಿಸಲು ಹತ್ತಿರದಲ್ಲಿ ಜಾಗವೆಲ್ಲಿತ್ತು?

ಹೀಗಾಗಿ ಆಸ್ಪತ್ರೆಗೆ ಹೋದವರು ಬಹುತೇಕ ಕೊನೆಯ ಗಳಿಗೆಯಲ್ಲಿ ಹೋದವರೇ. ತಡವಾಗಿ ಹೋದವರಲ್ಲಿ ಹಲವರು ಅಲ್ಲೇ ಸತ್ತರು. ಹೋದವರು ಹೆಣವಾಗಿ ಮರಳಿದ್ದನ್ನು ಕಂಡ ಊರು ಆಸ್ಪತ್ರೆಯೇ ಸಾವಿನ ಮನೆಯೆಂದು ತಿಳಿಯಿತು. ಆದ್ದರಿಂದ ಮುಂದಿನವರು ಇನ್ನಷ್ಟು ತಡಮಾಡಿದರು. ನಮ್ಮ ಹಿರಿಯರ ಭಯಕ್ಕೆ ಕಾರಣವಿತ್ತು. ಆದರೆ ಕೊಂದದ್ದು ಆಸ್ಪತ್ರೆಗಿಂತ ಹೆಚ್ಚಾಗಿ ವಿಳಂಬ.

ವಿಳಂಬದ ಈ ಕತೆಯಲ್ಲಿ ಧರ್ಮಸಭೆಯ ಪಾಲೂ ಇದೆಯೆಂಬುದನ್ನು ಮರೆಮಾಚಬೇಕಾಗಿಲ್ಲ. ಧರ್ಮಭಗಿನಿಯರು ರೋಗಿಗಳ ಆರೈಕೆಯಲ್ಲಿ ಬಹು ಹಿಂದಿನಿಂದಲೂ ತೊಡಗಿದ್ದರೂ, ವ್ರತಧಾರಿಣಿಯರು ವೈದ್ಯವೃತ್ತಿ ನಡೆಸುವುದನ್ನೂ ಹೆರಿಗೆ ಮಾಡಿಸುವುದನ್ನೂ ಧರ್ಮಸಭೆಯ ನಿಯಮ ತಡೆದಿತ್ತು. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿಯವರು ಜಗದ್ಗುರುಗಳ ವಿಶೇಷ ಅನುಮತಿ ಪಡೆದೇ 1920ರಲ್ಲಿ ಗುಂಟೂರಿಗೆ ಬಂದು, ಧರ್ಮಭಗಿನಿಯಾಗಿ ವೈದ್ಯಸೇವೆಗೆ ಇಳಿದರು. ಪುರುಷ ವೈದ್ಯರಿಗೆ ತೋರಿಸಿಕೊಳ್ಳಲೊಲ್ಲದೆ ಸಾಯುತ್ತಿದ್ದ ಸ್ತ್ರೀಯರ ಸಂಕಟವನ್ನು ಕಂಡ ಇಂಥವರ ಬಿನ್ನಹಗಳು ಫಲಿಸಿ, 1936ರ ಫೆಬ್ರವರಿ 11ರಂದು ರೋಮಿನ ಆದೇಶವೊಂದು ಧರ್ಮಭಗಿನಿಯರಿಗೆ ಹೆರಿಗೆ ಕೋಣೆಯ ಬಾಗಿಲನ್ನು ತೆರೆಯಿತು. 1943ರಲ್ಲಿ ಭಾರತದ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದ ಮೇರಿ ಗ್ಲೌರಿಯವರು 1957ರಲ್ಲಿ ನಮ್ಮ ಬೆಂಗಳೂರಿನಲ್ಲೇ ಕಣ್ಮುಚ್ಚಿದರು.

ಇತ್ತ ಮೈಸೂರು ಸಂಸ್ಥಾನವು ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನೊಡನೆ 1930ರ ಸುಮಾರಿಗೆ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯದ ಪ್ರಯೋಗಗಳನ್ನು ಕೈಗೊಂಡಿತು. ರೋಗಿ ಬರಲೆಂದು ಕಾಯದೆ ಆರೋಗ್ಯವೇ ಹಳ್ಳಿಗೆ ಹೋಗಬೇಕೆಂಬ ಚಿಂತನೆ ದೇಶದಲ್ಲಿ ಮೊಳೆತ ನೆಲಗಳಲ್ಲಿ ಇದೂ ಒಂದು. 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ಸ್ವಾತಂತ್ರ್ಯಾನಂತರ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು. ಮದ್ದೂರು, ಮಳವಳ್ಳಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳು ಬೆಳೆದವು. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಆಶಾ ಕಾರ್ಯಕರ್ತೆಯರೂ ಜನನಿ ಸುರಕ್ಷಾ ಯೋಜನೆಯೂ ಬಂದವು. ಅದೇ ಸುಮಾರಿಗೆ ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ತೆರೆಯಿತು. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಪ್ರಾರಂಭವಾಯಿತು. 2011ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸೇರಿದಂತೆ ಹೆರಿಗೆ ಉಚಿತ. 1992-93ರಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ 40 ಕೂಡ ಆಸ್ಪತ್ರೆಯಲ್ಲಿ ಆಗುತ್ತಿರಲಿಲ್ಲ. 2019-21ರ ಸಮೀಕ್ಷೆಯಲ್ಲಿ ಅದು 97ಕ್ಕೆ ಏರಿತು.

ಹಾಗಿದ್ದರೆ ಕತೆ ಮುಗಿಯಿತೇ? 1994ರಲ್ಲಿ ಸೆರೀನ್ ಥ್ಯಾಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಸಂಶೋಧಕಿಯರು ತಾಯಂದಿರ ಸಾವಿನ ಹಿಂದೆ ಮೂರು ವಿಳಂಬಗಳಿವೆಯೆಂದು ತೋರಿಸಿದರು: ಹೋಗಬೇಕೆಂದು ತೀರ್ಮಾನಿಸುವಲ್ಲಿನ ವಿಳಂಬ, ದಾರಿಯ ವಿಳಂಬ, ಆಸ್ಪತ್ರೆಯೊಳಗಿನ ವಿಳಂಬ. ದಾರಿಯ ವಿಳಂಬವನ್ನು ನಮ್ಮ ಸೀಮೆ ಬಹುಪಾಲು ಗೆದ್ದಿದೆ. ಆಸ್ಪತ್ರೆಯೊಳಗಿನದು ಪೂರ್ತಿ ನೀಗಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಸತ್ತದ್ದನ್ನು ನಾಡು ಕಂಡಿದೆ. ಅದಕ್ಕೆ ಉತ್ತರ ಕೊಡಬೇಕಾದದ್ದು ಆಡಳಿತ. ಆದರೆ ಮೊದಲನೆಯ ವಿಳಂಬ ಹುಟ್ಟುವುದು ನಮ್ಮ ಮನೆಯ ಹೊಸ್ತಿಲ ಮೇಲೆ. ಅದನ್ನು ನೀಗಬೇಕಾದವರು ನಾವೇ.

ಆ ವಿಳಂಬದ ಮುಖಗಳು ಎಲ್ಲರಿಗೂ ಪರಿಚಿತ. ಚೊಚ್ಚಲು ಹೆರಿಗೆ ತವರಿನಲ್ಲಾಗಬೇಕು. ಆದರೆ ತೀರ್ಮಾನ ಗಂಡನ ಮನೆಯಿಂದ ಬರಬೇಕು. ಅಳಿಯಂದಿರಿಗೆ ತಿಳಿಸದೆ ಹೊರಟರೆ ತಪ್ಪಾದೀತೆಂದು ತವರಿನವರು ಕಾಯುತ್ತಾರೆ. ತವರಿನವರು ನೋಡಿಕೊಳ್ಳುತ್ತಾರೆಂದು ಅತ್ತ ಕಡೆಯವರು ನೆಮ್ಮದಿಯಾಗಿರುತ್ತಾರೆ. ರಾಹುಕಾಲ ಕಳೆಯಲಿ, ಬೆಳಕು ಹರಿಯಲಿ, ನಮ್ಮ ಕಾಲದಲ್ಲಿ ಎರಡು ದಿನ ಬೇನೆ ತಿಂದೆವು ಎಂಬ ಮಾತುಗಳು ಬೇರೆ. ಬೇನೆ ತಿನ್ನುವವಳೇ ‘ಹೋಗೋಣ’ ಎಂದರೆ ಅವಳನ್ನು ಹೆದರುಪುಕ್ಕಲಿ ಎನ್ನುವವರೂ ಉಂಟು. ಆದರೆ ಅವಳ ಮೈಯ ಸುದ್ದಿ ಮೊದಲು ತಿಳಿಯುವುದು ಅವಳಿಗೇ.

ಹೊರಡುವ ಗಳಿಗೆಯನ್ನು ಅರಿಯುವುದು ಕಷ್ಟವೇನಲ್ಲ. ಕಳ್ಳನೋವು ಬಂದು ಹೋಗುತ್ತದೆ. ಮಲಗಿದರೆ, ನಡೆದಾಡಿದರೆ ತಗ್ಗುತ್ತದೆ. ನಿಜವಾದ ಬೇನೆ ಕ್ರಮವಾಗಿ ಬಂದು, ಬರಬರುತ್ತ ಹತ್ತಿರವಾಗಿ, ಬಲವಾಗುತ್ತದೆ. ಚೊಚ್ಚಲಿನವಳಿಗೆ ಐದು ನಿಮಿಷಕ್ಕೊಮ್ಮೆ, ಒಂದೊಂದೂ ಸುಮಾರು ಒಂದು ನಿಮಿಷದಷ್ಟು, ಒಂದು ಗಂಟೆಯ ಕಾಲ ಬೇನೆ ಬಂದರೆ ಹೊರಡಬೇಕು. ಆಸ್ಪತ್ರೆ ದೂರವಿದ್ದರೆ, ಅಥವಾ ಹಿಂದೆ ಹೆತ್ತವಳಾದರೆ, ಅಷ್ಟು ಕಾಯಬಾರದು. ಎರಡನೆಯ ಹೆರಿಗೆ ಬೇಗ ಆಗುವುದು ಸಾಮಾನ್ಯ. ರಕ್ತದ ಎಳೆಯಿರುವ ಲೋಳೆ ಕಾಣಿಸಿದರೆ ಭಯಪಡಬೇಕಿಲ್ಲ. ಆದರೆ ನೀರು ಒಡೆದರೆ ಬೇನೆ ಇರಲಿ, ಬಿಡಲಿ, ಹೊರಡಬೇಕು. ನೀರು ಹಸಿರಾಗಿದ್ದರೆ ಒಂದು ನಿಮಿಷವೂ ತಡಮಾಡಬಾರದು.

ಮತ್ತೆ ಕೆಲವು ಲಕ್ಷಣಗಳಿಗೆ ಬೇನೆಯ ಲೆಕ್ಕವೇ ಬೇಡ. ಕೆಂಪು ರಕ್ತ ಹರಿದರೆ, ತಾಳಲಾರದ ತಲೆನೋವು ಬಂದರೆ, ಕಣ್ಣು ಮಂಜಾದರೆ, ಮುಖ ಮತ್ತು ಕೈಗಳು ಊದಿಕೊಂಡರೆ, ಫಿಟ್ಸ್ ಬಂದರೆ, ಜ್ವರವೇರಿದರೆ, ಮಗುವಿನ ಮಿಸುಕಾಟ ಕುಗ್ಗಿದರೆ, 37 ವಾರ ತುಂಬುವ ಮೊದಲೇ ಬೇನೆ ಶುರುವಾದರೆ, ಹಗಲಿರಲಿ, ನಡುರಾತ್ರಿಯಿರಲಿ, ಆ ಕ್ಷಣವೇ 108ಕ್ಕೆ ಕರೆ ಮಾಡಬೇಕು. ಹಿಂದೆ ಸಿಸೇರಿಯನ್ ಆದವರು, ರಕ್ತದೊತ್ತಡವಿದ್ದವರು, ಅವಳಿ ಮಕ್ಕಳನ್ನು ಹೊತ್ತವರು, ಮಗು ಅಡ್ಡಲಾಗಿರುವವರು ವೈದ್ಯರು ಹೇಳಿದ ದಿನಕ್ಕೆ ಮೊದಲೇ ಸಿದ್ಧರಾಗಿರಬೇಕು. ಬೇಗ ಹೋಗಿ, ‘ಇನ್ನೂ ಸಮಯವಿದೆ, ಮನೆಗೆ ಹೋಗಿ’ ಎನ್ನಿಸಿಕೊಂಡರೆ ನಾಚಿಕೆಪಡಬೇಕಾದ್ದಿಲ್ಲ. ತಾಲ್ಲೂಕು ಆಸ್ಪತ್ರೆಯಿಂದ ಮಂಡ್ಯಕ್ಕೋ ಮೈಸೂರಿಗೋ ಕಳುಹಿಸಬೇಕಾಗಿ ಬಂದರೆ, ಬೇಗ ಬಂದವಳಿಗೆ ಮಾತ್ರ ಆ ಎರಡನೆಯ ದಾರಿಗೆ ಸಮಯ ಉಳಿದಿರುತ್ತದೆ.

ಆದಕಾರಣ ಪ್ರತಿ ಕುಟುಂಬವೂ ಎಂಟನೆಯ ತಿಂಗಳಿನಲ್ಲೇ ಕೂಡಿ ಕುಳಿತು ನಾಲ್ಕು ವಿಷಯಗಳನ್ನು ನಿಶ್ಚಯಿಸಬೇಕು: ಯಾವ ಆಸ್ಪತ್ರೆ, ಯಾವ ವಾಹನ, ಜೊತೆಗೆ ಯಾರು, ಅಗತ್ಯಬಿದ್ದರೆ ರಕ್ತ ಕೊಡುವವರು ಯಾರು. ತಾಯಿ ಕಾರ್ಡು ಕೈಗೆಟುಕುವಲ್ಲಿರಲಿ. ಮಿಗಿಲಾಗಿ, ಹೊರಡಲು ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲವೆಂಬುದನ್ನು ಎರಡೂ ಮನೆಯವರು ಮೊದಲೇ ಬಾಯಿಬಿಟ್ಟು ಹೇಳಿಕೊಳ್ಳಲಿ. ಎತ್ತಿನ ಗಾಡಿಯ ಕಾಲದಲ್ಲಿ ಹೊರಟರೂ ತಲುಪಲಾಗದೆ ಸತ್ತವರಿದ್ದರು. ಇಂದು ತಲುಪಬಲ್ಲವರು ಹೊರಡದೆ ಸಾಯಬಾರದು.