ಚಾರ್ಜ್ ಆಗದ ಹೆಲಿಕಾಪ್ಟರ್: ರಿಪೇರಿಯ ಅರ್ಧ ಶತಮಾನ

ರೇಡಿಯೋ ನಿಯಂತ್ರಿತ ಮಾಡೆಲ್ ಹೆಲಿಕಾಪ್ಟರ್ ಹಾರಿಸುವ ಹಿರಿಯರು ಕಿರಿಯರಿಗೆ ಹೇಳುವ ಒಂದು ಮಾತು ಇನ್ನೂ ಚಾಲ್ತಿಯಲ್ಲಿದೆ: ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡು, ಆಮೇಲೇ ಚಾರ್ಜಿಗೆ ಹಾಕು. ನಲವತ್ತು ವರ್ಷದ ಹಿಂದೆ ಈ ಮಾತಿನಲ್ಲಿ ಬಹುಮಟ್ಟಿಗೆ ಹುರುಳಿತ್ತು. ಇವತ್ತು ಅದನ್ನೇ ಪಾಲಿಸಿದರೆ ಸಾವಿರಾರು ರೂಪಾಯಿಯ ಬ್ಯಾಟರಿ ಒಂದೇ ಸಲಕ್ಕೆ ಕೆಡಬಹುದು. ಈ ಹವ್ಯಾಸ ಬೆಳೆದ ಅರ್ಧ ಶತಮಾನದಲ್ಲಿ ಮೂರು ಬಗೆಯ ಬ್ಯಾಟರಿಗಳು ಬಂದವು. ಒಂದೊಂದು ಬಂದಾಗಲೂ ದೋಷ ಅಡಗಿ ಕೂರುವ ಜಾಗ ಬದಲಾಯಿತು. ಕೈಗೆ ಅಂಟಿದ ರೂಢಿ ಮಾತ್ರ ಹಿಂದಿನದೇ ಉಳಿಯಿತು. ಚಾರ್ಜಿಂಗ್ ತೊಂದರೆಗಳಲ್ಲಿ ಬಹಳಷ್ಟು ಈ ಅಂತರದಲ್ಲೇ ಹುಟ್ಟುತ್ತವೆ ಎಂದು ನಾನು ನಂಬಿದ್ದೇನೆ.

ಜರ್ಮನಿಯ ಡೀಟರ್ ಶ್ಲೂಟರ್ 1970ರಲ್ಲಿ ತಮ್ಮ ಮಾಡೆಲ್ ಹೆಲಿಕಾಪ್ಟರನ್ನು 11.5 ಕಿಲೋಮೀಟರ್ ಹಾರಿಸಿ ದಾಖಲೆ ಮಾಡಿದರು. ಅದನ್ನು ಎತ್ತಿದ್ದು ಎಂಜಿನ್. ಆ ಪೀಳಿಗೆಯ ಹೆಲಿಕಾಪ್ಟರುಗಳಲ್ಲಿ ಬ್ಯಾಟರಿಗೆ ಇದ್ದದ್ದು ರಿಸೀವರ್ ಮತ್ತು ನಿಯಂತ್ರಣ ಭಾಗಗಳನ್ನು ತಿರುಗಿಸುವ ಸರ್ವೋ ಮೋಟರುಗಳನ್ನು ನಡೆಸುವ ಕೆಲಸ. ನಾಲ್ಕು ನಿಕಲ್ ಕ್ಯಾಡ್ಮಿಯಂ ಸೆಲ್ ಜೋಡಿಸಿದ 4.8 ವೋಲ್ಟಿನ ಪುಟ್ಟ ಪ್ಯಾಕ್ ಸಾಕಾಗುತ್ತಿತ್ತು. ಆದರೆ ಆ ಪ್ಯಾಕ್ ಗಾಳಿಯಲ್ಲಿ ಕೈಕೊಟ್ಟರೆ, ಎಂಜಿನ್ ಓಡುತ್ತಲೇ ಇರುವ, ಯಾರ ಹಿಡಿತಕ್ಕೂ ಸಿಗದ ಯಂತ್ರವೊಂದು ರೆಕ್ಕೆ ಬೀಸುತ್ತ ಜನರತ್ತ ಬರುತ್ತಿತ್ತು. ಹಾಗಾಗಿ ಬ್ಯಾಟರಿ ಪರೀಕ್ಷೆಯನ್ನು ಆ ಕಾಲದವರು ವ್ರತದಂತೆ ಮಾಡುತ್ತಿದ್ದರು.

ಆಗ ಚಾರ್ಜಿಂಗ್ ಎಂದರೆ ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು ಕರೆಂಟ್, ಹದಿನಾಲ್ಕರಿಂದ ಹದಿನಾರು ತಾಸು. ರಾತ್ರಿ ಹಾಕಿ ಬೆಳಿಗ್ಗೆ ತೆಗೆಯುವುದು. ಎರಡು ತಾಸು ಹೆಚ್ಚಾದರೂ ನಿಕಲ್ ಕ್ಯಾಡ್ಮಿಯಂ ಸೆಲ್ ತುಸು ಬಿಸಿಯಾಗಿ ಸಹಿಸಿಕೊಳ್ಳುತ್ತಿತ್ತು. ಅದರ ಕಾಯಿಲೆಗಳೇ ಬೇರೆ. ಸೆಲ್ಲಿನೊಳಗೆ ಲೋಹದ ಸೂಕ್ಷ್ಮ ಎಳೆಗಳು ಬೆಳೆದು ಎರಡು ಧ್ರುವಗಳನ್ನೂ ಮುಟ್ಟಿಸಿಬಿಡುತ್ತಿದ್ದವು. ಆ ಸೆಲ್ ಎಷ್ಟು ತುಂಬಿದರೂ ಸೊನ್ನೆ ತೋರಿಸುತ್ತಿತ್ತು. ದೊಡ್ಡ ಕರೆಂಟನ್ನು ಒಂದು ಕ್ಷಣ ಹಾಯಿಸಿ ಆ ಎಳೆಗಳನ್ನು ಸುಟ್ಟುಹಾಕುವ ಚಿಕಿತ್ಸೆ ರೂಢಿಯಲ್ಲಿತ್ತು. ಹಾಗೆ ಬದುಕಿದ ಸೆಲ್ಲನ್ನು ಹೆಲಿಕಾಪ್ಟರಿನಲ್ಲಿ ನಂಬಬಾರದೆಂಬ ವಿವೇಕವೂ ಅನುಭವಿಗಳಲ್ಲಿತ್ತು. ಇನ್ನೊಂದು ಕಾಯಿಲೆ ಕಣ್ಣಿಗೇ ಬೀಳದ್ದು: ಹಳೆಯ ಪ್ಯಾಕ್‌ಗಳಲ್ಲಿ ಋಣ ಧ್ರುವದ ತಂತಿ ಪ್ಲಾಸ್ಟಿಕ್ ಹೊದಿಕೆಯೊಳಗೇ ಕಪ್ಪಾಗಿ ಸವೆಯುತ್ತಿತ್ತು. ಬ್ಯಾಟರಿ ಚೆನ್ನಾಗಿರುತ್ತಿತ್ತು, ಚಾರ್ಜರ್ ಚೆನ್ನಾಗಿರುತ್ತಿತ್ತು, ನಡುವಿನ ತಂತಿ ಸತ್ತಿರುತ್ತಿತ್ತು. ಹೊಸ ಪ್ಯಾಕ್ ಕೊಂಡು ಹಳೆಯ ತಂತಿಯನ್ನೇ ಬೆಸೆದರೆ ತೊಂದರೆಯೂ ಜೊತೆಗೇ ಬರುತ್ತಿತ್ತು.

ಖಾಲಿ ಮಾಡುವ ಪದ್ಧತಿಗೂ ಆಗ ಒಂದು ಗಡಿ ಇತ್ತು. ಪ್ರತಿ ಸೆಲ್ ಸುಮಾರು 1 ವೋಲ್ಟಿಗೆ ಇಳಿದಾಗ ನಿಲ್ಲಿಸಬೇಕು. ಅದಕ್ಕಿಂತ ಕೆಳಕ್ಕೆ ಎಳೆದರೆ ಸಾಲಿನಲ್ಲಿ ಅತಿ ದುರ್ಬಲವಾದ ಸೆಲ್ ತಲೆಕೆಳಗಾಗಿ ಚಾರ್ಜ್ ಆಗತೊಡಗುತ್ತದೆ. ಸಲಹೆ ಬಾಯಿಂದ ಬಾಯಿಗೆ ಹೋಗುವಾಗ ಈ ಗಡಿಯೇ ಕಳೆದುಹೋಯಿತು.

ಮೈದಾನದಲ್ಲೇ ಬೇಗ ಚಾರ್ಜ್ ಮಾಡುವ ಬಯಕೆಯಿಂದ ಹೊಸ ಬಗೆಯ ಚಾರ್ಜರುಗಳು ಬಂದವು. ನಿಕಲ್ ಕ್ಯಾಡ್ಮಿಯಂ ಸೆಲ್ ತುಂಬಿದಾಗ ಅದರ ವೋಲ್ಟೇಜ್ ಶಿಖರ ಮುಟ್ಟಿ, ಬಿಸಿಯಾಗುತ್ತ ತುಸು ಇಳಿಯುತ್ತದೆ. ಸೆಲ್ಲಿಗೆ ಹತ್ತಿಪ್ಪತ್ತು ಮಿಲಿವೋಲ್ಟಿನ ಆ ಇಳಿತವನ್ನು ಹಿಡಿದು ಚಾರ್ಜರ್ ನಿಲ್ಲುತ್ತಿತ್ತು. ಸಡಿಲ ಕನೆಕ್ಟರ್ ಇದ್ದರೆ, ಪ್ಯಾಕ್ ತುಂಬ ದಿನ ಮೂಲೆಯಲ್ಲಿ ಬಿದ್ದಿದ್ದರೆ, ಮೊದಲ ನಿಮಿಷಗಳಲ್ಲೇ ಸುಳ್ಳು ಶಿಖರ ಕಾಣಿಸಿ "ತುಂಬಿತು" ಎಂದುಬಿಡುತ್ತಿತ್ತು. ನಂತರ ಬಂದ ನಿಕಲ್ ಮೆಟಲ್ ಹೈಡ್ರೈಡ್‌ನಲ್ಲಿ ತೊಂದರೆ ತಿರುಗಿ ನಿಂತಿತು. ಅದರ ಇಳಿತ ಮೂರರಿಂದ ಐದು ಮಿಲಿವೋಲ್ಟ್ ಮಾತ್ರ. ಹಳೆಯ ಚಾರ್ಜರಿಗೆ ಅದು ಕಾಣುತ್ತಲೇ ಇರಲಿಲ್ಲ; ತುಂಬಿದ ಮೇಲೂ ತುಂಬುತ್ತ, ಕೈಸುಡುವಷ್ಟು ಕಾಯಿಸುತ್ತಿತ್ತು. 2000ದ ಆಸುಪಾಸಿನಲ್ಲಿ ಇಕಾರಸ್ ಪಿಕೊಲೊದಂಥ ಪುಟ್ಟ ವಿದ್ಯುತ್ ಹೆಲಿಕಾಪ್ಟರುಗಳು ಹಾರಿದ್ದು ಇಂಥ ನಿಕಲ್ ಸೆಲ್ಲುಗಳ ಮೇಲೇ. ಭಾರ ಹೆಚ್ಚು, ಹಾರಾಟ ಕೆಲವೇ ನಿಮಿಷ.

ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೋನಿ 1991ರಲ್ಲಿ ಮಾರುಕಟ್ಟೆಗೆ ತಂದಿತ್ತು. ಅದರ ಪಾಲಿಮರ್ ರೂಪ, ಹವ್ಯಾಸಿಗಳ ಬಾಯಲ್ಲಿ ಲೈಪೋ, ಮಾಡೆಲ್ ಲೋಕವನ್ನು ಆವರಿಸಿದ್ದು 2000ದ ದಶಕದಲ್ಲಿ. ತೈವಾನಿನ ಅಲೈನ್ ಕಂಪನಿಯ ಟಿ-ರೆಕ್ಸ್ 450 ಹೆಲಿಕಾಪ್ಟರಿಗೆ ಮೂರು ಸೆಲ್ಲಿನ, 11.1 ವೋಲ್ಟಿನ, 2200 ಮಿಲಿಆಂಪ್ ಅವರ್ ಪ್ಯಾಕ್ ಎಂಬುದು ಒಂದು ಮಾಪಕವೇ ಆಗಿಹೋಯಿತು. ಹಗುರ, ಬಲಶಾಲಿ. ಆದರೆ ಕ್ಷಮೆ ಎಂಬುದಿಲ್ಲ. ಪ್ರತಿ ಸೆಲ್ಲಿನ ಮೇಲ್ಗಡಿ 4.2 ವೋಲ್ಟ್, ಕೆಳಗಡಿ ಸುಮಾರು 3. ಚಾರ್ಜರ್ ಮೊದಲು ಸ್ಥಿರ ಕರೆಂಟ್ ಕೊಡುತ್ತದೆ. ಸೆಲ್ 4.2 ಮುಟ್ಟಿದ ಮೇಲೆ, ಕೊಡ ತುಂಬುತ್ತ ಬಂದಾಗ ನಲ್ಲಿಯನ್ನು ಸಣ್ಣಗೆ ತಿರುಗಿಸುವಂತೆ, ಕರೆಂಟನ್ನು ಇಳಿಸುತ್ತ ಹೋಗಿ ನಿಲ್ಲಿಸುತ್ತದೆ. ರಾತ್ರಿಯಿಡೀ ಸಣ್ಣ ಕರೆಂಟ್ ಹರಿಸುವ ಹಳೆಯ ಪದ್ಧತಿಗೆ ಇಲ್ಲಿ ಜಾಗವೇ ಇಲ್ಲ.

ಆರಂಭದ ವರ್ಷಗಳ ಬೆಂಕಿಗಳಿಗೆ ಒಂದು ದೊಡ್ಡ ಕಾರಣ ಸೆಲ್ ಎಣಿಕೆಯ ತಪ್ಪು. ಎರಡು ಸೆಲ್ಲಿನ ಪ್ಯಾಕನ್ನು ಮೂರು ಎಂದು ಒತ್ತಿದರೆ ಚಾರ್ಜರ್ 12.6 ವೋಲ್ಟಿನತ್ತ ತಳ್ಳುತ್ತದೆ. ಒಂದೊಂದು ಸೆಲ್ 6.3ರತ್ತ ಏರುತ್ತದೆ. ವೋಲ್ಟೇಜ್ ನೋಡಿ ತಾನೇ ಎಣಿಸುವ ಚಾರ್ಜರೂ ಮೋಸಹೋಗುತ್ತಿತ್ತು. ಅತಿಯಾಗಿ ಖಾಲಿಯಾದ ಮೂರು ಸೆಲ್ಲಿನ ಪ್ಯಾಕ್ 8.2 ವೋಲ್ಟ್ ತೋರಿಸಿದರೆ, ಬಹುತೇಕ ತುಂಬಿದ ಎರಡು ಸೆಲ್ ಎಂದು ತಿಳಿದು, 8.4ಕ್ಕೆ ನಿಂತುಬಿಡುತ್ತಿತ್ತು. ಐದು ನಿಮಿಷದಲ್ಲಿ ಹಸಿರು ದೀಪ. ಹೆಲಿಕಾಪ್ಟರ್ ಮಾತ್ರ ನೆಲ ಬಿಡುವುದಿಲ್ಲ. ಪ್ರತಿ ಸೆಲ್ಲಿನಿಂದ ಒಂದು ಸಣ್ಣ ತಂತಿ ಹೊರತಂದ ಬ್ಯಾಲೆನ್ಸ್ ಕನೆಕ್ಟರ್ ಈ ಕುರುಡನ್ನು ಕಳೆಯಿತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ದೊಡ್ಡ ಸುಧಾರಣೆ ಇದೇ. ಒಟ್ಟು 12.6 ಸರಿಯಿದ್ದು, ಒಳಗೆ ಒಂದು ಸೆಲ್ 4.3, ಉಳಿದೆರಡು 4.15 ಇರಬಹುದೆಂಬುದು ಆಗ ಮೊದಲ ಬಾರಿಗೆ ಕಣ್ಣಿಗೆ ಕಂಡಿತು. ಈಗ ಚಾರ್ಜರ್ ಹಟ ಹಿಡಿದು ನಿರಾಕರಿಸಿದರೆ ಮೊದಲು ನೋಡಬೇಕಾದದ್ದು ಬ್ಯಾಲೆನ್ಸ್ ಕನೆಕ್ಟರಿನ ಈ ಬಿಳಿ ಪ್ಲಗ್ಗನ್ನೇ. ಒಳಗೆ ಹಿಂದಕ್ಕೆ ಸರಿದ ಪಿನ್, ತುಂಡಾದ ಕೂದಲೆಳೆಯಂಥ ತಂತಿ, ಇವೇ ಎಷ್ಟೋ ಸಲ ಅಪರಾಧಿಗಳು.

ಎರಡನೆಯದಾಗಿ ನೋಡಬೇಕಾದದ್ದು ಚಾರ್ಜರ್ ವಾಪಸು ತುಂಬಿದ ಮಿಲಿಆಂಪ್ ಅವರ್ ಲೆಕ್ಕ. ಸಾಮರ್ಥ್ಯದ ಶೇ. 80ರಷ್ಟು ಮಾತ್ರ ಬಳಸಿ ಇಳಿಸುವುದು ಹೆಲಿಕಾಪ್ಟರ್ ಹಾರಿಸುವವರ ನಿಯಮ. 2200ರ ಪ್ಯಾಕ್ ಸುಮಾರು 1760 ಕುಡಿಯಬೇಕು. ಪೂರ್ತಿ ಹಾರಿಸಿ ಬಂದ ಪ್ಯಾಕ್ 900ಕ್ಕೇ ತುಂಬಿತು ಎಂದರೆ ಚಾರ್ಜರಿನ ಮೇಲೆ ಸಿಟ್ಟಾಗಬೇಕಿಲ್ಲ. ಸೆಲ್ಲಿನ ಒಳರೋಧ ಏರಿದೆ, ಅದಕ್ಕೆ ವಯಸ್ಸಾಗಿದೆ. ನಿಧಾನ ಎನ್ನುವ ದೂರು ಹಲವು ಸಲ ದೂರೇ ಅಲ್ಲ: ಆರು ಸೆಲ್ಲಿನ 5000ದ ಪ್ಯಾಕಿಗೆ ಒಂದು ತಾಸಿನ ಚಾರ್ಜಿಗೆ 5 ಆಂಪಿಯರ್, ಅಂದರೆ ಸುಮಾರು 125 ವ್ಯಾಟ್ ಬೇಕು. 50 ವ್ಯಾಟಿನ ಚಾರ್ಜರ್ 2 ಆಂಪಿಯರ್ ಕೊಟ್ಟರೆ ಅದು ತನ್ನ ಶಕ್ತಿಮೀರಿ ದುಡಿಯುತ್ತಿದೆ ಎಂದೇ ಅರ್ಥ. ಇನ್ನು ಬಿಸಿಲು. ಲಿಥಿಯಂ ಸೆಲ್ಲನ್ನು ಚಾರ್ಜ್ ಮಾಡುವ ಸುರಕ್ಷಿತ ವ್ಯಾಪ್ತಿ ಸಾಮಾನ್ಯವಾಗಿ 0ಯಿಂದ 45 ಡಿಗ್ರಿ. ನೆರಳಿನಲ್ಲೇ 40 ದಾಟುವ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹಾರಾಟ ಮುಗಿಸಿದ ಪ್ಯಾಕನ್ನು ಹಾಗೆಯೇ ಚಾರ್ಜಿಗೆ ಹಾಕುವುದು ಅದರ ಆಯುಷ್ಯ ಕತ್ತರಿಸಿದಂತೆ.

ಈ ಶಿಸ್ತಿನ ಹೊರಗೇ ಬೆಳೆದದ್ದು ಆಟಿಕೆ ಹೆಲಿಕಾಪ್ಟರ್. ಹಾಂಗ್‌ಕಾಂಗಿನ ಸಿಲ್ವರ್‌ಲಿಟ್ ಕಂಪನಿ 2006ರಲ್ಲಿ ಮಾರಿದ ಪಿಕೂ ಝಡ್ ಕೇವಲ 10 ಗ್ರಾಮಿನದು. ಅದರ ಹಿಂದೆಯೇ ಸೈಮಾ ಎಸ್107ನಂಥವು ಮನೆಮನೆಗೂ ಬಂದವು. ಒಂದೇ ಸೆಲ್, 150 ಮಿಲಿಆಂಪ್ ಅವರ್ ಆಸುಪಾಸು. ರಿಮೋಟಿನ ಪೆನ್ಸಿಲ್ ಸೆಲ್ಲುಗಳಿಂದಲೋ ಯುಎಸ್‌ಬಿ ತಂತಿಯಿಂದಲೋ ಚಾರ್ಜ್. ಕರ್ನಾಟಕದ ಓದುಗರಲ್ಲಿ ಹೆಚ್ಚಿನವರು ಕಂಡಿರುವುದು ಇದನ್ನೇ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ರಿಮೋಟಿನ ಸೆಲ್ಲುಗಳು ಅರ್ಧ ಇಳಿದಿದ್ದರೆ ದೀಪ ಉರಿದರೂ ಹೆಲಿಕಾಪ್ಟರ್ ತುಂಬುವುದಿಲ್ಲ. ಮೊದಲು ಅವನ್ನು ಬದಲಿಸಿ ನೋಡಬೇಕು. ಹಲವು ಮಾದರಿಗಳಲ್ಲಿ ಸ್ವಿಚ್ ಆಫ್ ಇದ್ದರೆ ಮಾತ್ರ ಚಾರ್ಜ್ ಆಗುತ್ತದೆ. ಯುಎಸ್‌ಬಿ ತಂತಿಯ ದೀಪ ಕೆಲವದರಲ್ಲಿ ಚಾರ್ಜ್ ಆಗುವಾಗ ಉರಿಯುತ್ತದೆ, ಕೆಲವದರಲ್ಲಿ ಮುಗಿದ ಮೇಲೆ. ಗೋಡೆಗೆ ಬಡಿದ ಹೆಲಿಕಾಪ್ಟರಿನಲ್ಲಿ ಬೋರ್ಡಿನ ಬೆಸುಗೆ ಬಿಟ್ಟಿರುವುದು ಸಾಮಾನ್ಯ. ಸ್ವಿಚ್ ಆನ್ ಇಟ್ಟೇ ಬೀರುವಿನಲ್ಲಿ ವರ್ಷ ಕಳೆದದ್ದಾದರೆ ಸೆಲ್ ಎಷ್ಟು ಕೆಳಗಿಳಿದಿರುತ್ತದೆಂದರೆ, ಒಳಗಿನ ತಾಮ್ರದ ಹಾಳೆ ಕರಗತೊಡಗಿರುತ್ತದೆ. ಅಂಥದ್ದಕ್ಕೆ ಬಲವಂತವಾಗಿ ಕರೆಂಟ್ ಹಾಯಿಸಿ ಎಬ್ಬಿಸುವುದು ನಿಕಲ್ ಕಾಲದ ಚಿಕಿತ್ಸೆಯ ನೆನಪು. ಲಿಥಿಯಂನಲ್ಲಿ ಅದು ಒಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳುವ ದಾರಿ.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಟಿಪಿ4056 ಎಂಬ ಚಿಪ್ಪಿನ ಪುಟ್ಟ ಚಾರ್ಜರ್ ಬೋರ್ಡುಗಳು ಅಗ್ಗದಲ್ಲಿ ಸಿಗುತ್ತವೆ. ಕೆಟ್ಟ ಯುಎಸ್‌ಬಿ ತಂತಿಯ ಬದಲಿಗೆ ಇದನ್ನು ಜೋಡಿಸುವ ಉತ್ಸಾಹಿಗಳು ಗಮನಿಸಲೇಬೇಕಾದ ಸಂಗತಿಯೊಂದಿದೆ. ಬೋರ್ಡಿನ ಮೇಲೆ ಸಾಮಾನ್ಯವಾಗಿ ಇರುವ 1.2 ಕಿಲೋಓಮ್ ರೆಸಿಸ್ಟರ್ 1 ಆಂಪಿಯರ್ ಕರೆಂಟಿಗೆ ಹೊಂದಿಸಿದ್ದು. 150ರ ಸೆಲ್ಲಿಗೆ ಅದು ತಾಳಬಲ್ಲದ್ದಕ್ಕಿಂತ ಆರೇಳು ಪಟ್ಟು. ಆ ರೆಸಿಸ್ಟರ್ ತೆಗೆದು 10 ಕಿಲೋಓಮ್‌ದು ಹಾಕಿದರೆ ಕರೆಂಟ್ ಸುಮಾರು 130 ಮಿಲಿಆಂಪಿಗೆ ಇಳಿಯುತ್ತದೆ.

ಚಾರ್ಜಿಂಗ್ ದೋಷ ಹುಡುಕುವ ಈ ವಿದ್ಯೆಯ ಅತಿ ಕಠಿಣ ಪರೀಕ್ಷೆ ಭೂಮಿಯಾಚೆ ನಡೆಯಿತು. ನಾಸಾದ ಇಂಜೆನ್ಯುಯಿಟಿ 1.8 ಕಿಲೋ ತೂಗುವ, ಮಾಡೆಲ್ ಗಾತ್ರದ ಹೆಲಿಕಾಪ್ಟರ್. ಮದರಾಸು ಐಐಟಿಯಲ್ಲಿ ಓದಿದ ಬಾಬ್ ಬಲರಾಮ್ ಅದರ ಮುಖ್ಯ ಎಂಜಿನಿಯರ್ ಆಗಿದ್ದರು. 2021ರ ಏಪ್ರಿಲ್ 19ರಂದು ಮಂಗಳನಲ್ಲಿ ಅದು ಮೊದಲು ಹಾರಿತು. ಒಳಗಿದ್ದದ್ದು ಆರು ಲಿಥಿಯಂ ಸೆಲ್ಲುಗಳು, ತುಂಬುತ್ತಿದ್ದದ್ದು ತಲೆಯ ಮೇಲಿನ ಸೌರಫಲಕ. 2022ರ ಮೇ ತಿಂಗಳಲ್ಲಿ ಚಳಿಗಾಲ ಹತ್ತಿರವಾಗಿ, ಧೂಳು ಹೆಚ್ಚಿ, ಹಗಲಿನ ಚಾರ್ಜ್ ರಾತ್ರಿಗೆ ಸಾಲದಾಯಿತು. ವಿದ್ಯುತ್ ಕಡಿದು ಗಡಿಯಾರ ಮೊದಲಿಗೆ ಮರಳಿತು. ಹೆಲಿಕಾಪ್ಟರ್ ಎಚ್ಚರವಾಗುವ ಹೊತ್ತಿಗೂ ನೆಲದ ಮೇಲಿದ್ದ ರೋವರ್ ವಾಹನ ಅದಕ್ಕೆ ಕಿವಿಗೊಡುವ ಹೊತ್ತಿಗೂ ತಾಳ ತಪ್ಪಿತು. ಎರಡು ದಿನದಲ್ಲಿ ಸಂಪರ್ಕ ಸಿಕ್ಕ ಮೇಲೆ ಎಂಜಿನಿಯರುಗಳು ಮಾಡಿದ ಬದಲಾವಣೆ ಒಂದು ಸಂಖ್ಯೆಯದು. ಬ್ಯಾಟರಿ ಮೈನಸ್ 15 ಡಿಗ್ರಿಗೆ ಇಳಿದಾಗ ಶುರುವಾಗುತ್ತಿದ್ದ ಹೀಟರ್, ಇನ್ನು ಮೈನಸ್ 40ಕ್ಕೆ ಇಳಿದ ಮೇಲೆಯೇ ಶುರುವಾಗುವಂತೆ ಮಾಡಿದರು. ತಣ್ಣಗಾದರೆ ಸೆಲ್ ಕೆಡುವ ಅಪಾಯವಿತ್ತು, ಬೆಚ್ಚಗಿಟ್ಟರೆ ಖಾಲಿಯಾಗುವುದು ಖಚಿತವಿತ್ತು. ಆಮೇಲೂ ಅದು ಹಾರಿತು. 2024ರ ಜನವರಿಯಲ್ಲಿ ನಿಲ್ಲುವ ಹೊತ್ತಿಗೆ ಹಾರಾಟಗಳ ಸಂಖ್ಯೆ 72.

ಈಗಿನ ಚಾರ್ಜರುಗಳು ಒಳರೋಧವನ್ನೂ ಅಳೆಯುತ್ತವೆ. ಕೆಲವು ಪ್ಯಾಕ್‌ಗಳಲ್ಲಿ ಬಳಕೆಯ ಚರಿತ್ರೆ ಬರೆದಿಡುವ ಚಿಪ್ಪೇ ಇದೆ. ಆಟಿಕೆಗಳ ಮಟ್ಟಿಗೆ ಇದಾವುದೂ ಬಂದಿಲ್ಲ. ಎಷ್ಟೋ ಡಬ್ಬಿಗಳ ಮೇಲೆ ಸೆಲ್ಲಿನ ಸಾಮರ್ಥ್ಯವನ್ನಾಗಲಿ ಗರಿಷ್ಠ ಚಾರ್ಜಿಂಗ್ ಕರೆಂಟನ್ನಾಗಲಿ ಮುದ್ರಿಸುವುದಿಲ್ಲ; ಕಡ್ಡಾಯವಾಗಿ ಮುದ್ರಿಸಬೇಕೆಂದು ನನ್ನ ಒತ್ತಾಯ. ಸತ್ತ ಸೆಲ್ಲಿನ ವಿಲೇವಾರಿಯೂ ಹಾಗೆಯೇ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಉತ್ಪಾದಕರ ಮೇಲೆ ಹೊಣೆ ಹೊರಿಸಿವೆ, ಆದರೆ ಊದಿಕೊಂಡ ಬೆರಳುದ್ದದ ಸೆಲ್ ಇನ್ನೂ ಅಡುಗೆಮನೆಯ ಕಸದ ಬುಟ್ಟಿಗೇ ಬೀಳುತ್ತಿದೆ. ಅದರ ಎರಡು ತಂತಿಗಳನ್ನು ಒಟ್ಟಿಗೆ ಕತ್ತರಿಸಬಾರದು. ಒಂದೊಂದಾಗಿ ಕತ್ತರಿಸಿ, ತುದಿಗಳಿಗೆ ಬೇರೆ ಬೇರೆಯಾಗಿ ಟೇಪು ಸುತ್ತಿ, ಇ-ತ್ಯಾಜ್ಯ ಸಂಗ್ರಹಿಸುವವರ ಕೈಗೆ ಕೊಡಬೇಕು.