ಕಟ್ಟೆ ಹರಟೆಯಿಂದ ಕಾಯಿದೆ ಪುಸ್ತಕಕ್ಕೆ

ಆಫೀಸಿನ ಕೆಳಗಿನ ಟೀ ಅಂಗಡಿಯಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಮೊಬೈಲ್ ಮುಂದೆ ಹಿಡಿದಳು. “ಸರ್, ಸರ್ವರ್ 418 ಅಂತ ಎರರ್ ಕೊಡ್ತಿದೆ. ‘ನಾನೊಂದು ಟೀಪಾಟು’ ಅಂತ ಬೇರೆ ಬರ್ತಿದೆ. ಯಾರಾದ್ರೂ ತಮಾಷೆ ಮಾಡಿದಾರಾ?” ಮಾಡಿದ್ದಾರೆ, ನಿಜ. ಆದರೆ ಆ ತಮಾಷೆ ಹುಟ್ಟಿದ್ದು ನಮ್ಮ ಆಫೀಸಿನಲ್ಲಲ್ಲ, ಈಚೆಗೂ ಅಲ್ಲ. ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಎರಡು ಸಲ ಬೈಟು ಟೀ ಮುಗಿಯಿತು. ಪ್ರೋಗ್ರಾಮರುಗಳ ಇಂಥ ಹರಟೆಗೂ ಒಂದು ಚರಿತ್ರೆ ಇದೆ. ಕಟ್ಟೆಯ ಮೇಲೆ ಹುಟ್ಟಿದ ತಮಾಷೆ ಕೊನೆಗೆ ಕಾಯಿದೆ ಪುಸ್ತಕ ಸೇರುವ ವಿಚಿತ್ರ ಅದರಲ್ಲಿ ಮತ್ತೆ ಮತ್ತೆ ನಡೆದಿದೆ.

ಈ ಚರಿತ್ರೆಯನ್ನು ಎಲ್ಲರೂ ಪತಂಗದಿಂದ ಶುರುಮಾಡುತ್ತಾರೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್-2 ಕಂಪ್ಯೂಟರಿನ ರಿಲೇ ಸ್ವಿಚ್ಚಿನೊಳಗೆ ಸಿಕ್ಕಿಬಿದ್ದಿದ್ದ ಪತಂಗವನ್ನು ತೆಗೆದು, ದಿನಚರಿ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿ, ‘ನಿಜವಾದ ಬಗ್ ಸಿಕ್ಕ ಮೊದಲ ಪ್ರಸಂಗ’ ಎಂಬರ್ಥದ ಸಾಲು ಬರೆದರು. ಬಗ್ ಎಂಬ ಮಾತು ಆಗ ಹುಟ್ಟಿತು ಎನ್ನುವುದು ಸುಳ್ಳು. ಎಡಿಸನ್ 1878ರಲ್ಲೇ ಯಂತ್ರದ ದೋಷಕ್ಕೆ ಅದೇ ಮಾತು ಬಳಸಿದ್ದ. ಹುಳು ಎಂಬರ್ಥದ ಆ ಪದ ದೋಷಕ್ಕೆ ಮೊದಲೇ ರೂಢಿಯಲ್ಲಿದ್ದದ್ದರಿಂದಲೇ ಆ ಸಾಲಿಗೆ ನಗು. ಪತಂಗವನ್ನು ಹಿಡಿದದ್ದು ಆ ಯಂತ್ರದ ಪ್ರೋಗ್ರಾಮರ್ ಗ್ರೇಸ್ ಹಾಪರ್ ಅಲ್ಲ. ಆದರೆ ಕಥೆ ಹೇಳಿ ಹೇಳಿ ಅದನ್ನು ಅಮರವಾಗಿಸಿದ್ದು ಆಕೆಯೇ. ಹರಟೆಯ ಲೋಕದಲ್ಲಿ ಹಿಡಿದವರಿಗಿಂತ ಹೇಳಿದವರು ದೊಡ್ಡವರು.

ಹರಟೆ ಬರಹಕ್ಕಿಳಿದದ್ದು 1969ರಲ್ಲಿ. ಇಂಟರ್ನೆಟ್ಟಿನ ಅಜ್ಜಿಯಾದ ಅರ್ಪಾನೆಟ್ಟಿನ ನಿಯಮಗಳನ್ನು ಚರ್ಚಿಸುತ್ತಿದ್ದವರು ಹೆಚ್ಚಾಗಿ ವಿದ್ಯಾರ್ಥಿಗಳು. ಅವರಲ್ಲೊಬ್ಬನಾದ ಸ್ಟೀವ್ ಕ್ರಾಕರ್‌ಗೆ ಒಳಗೊಳಗೇ ಅಳುಕು: ನಾವು ಹುಡುಗರು ಬರೆದದ್ದನ್ನು ದೊಡ್ಡವರು ಅಧಿಕಪ್ರಸಂಗ ಎಂದುಕೊಂಡರೆ? ಅದಕ್ಕೇ ಆ ಟಿಪ್ಪಣಿಗಳಿಗೆ ‘ಅಭಿಪ್ರಾಯಕ್ಕಾಗಿ ಕೋರಿಕೆ’ (ರಿಕ್ವೆಸ್ಟ್ ಫಾರ್ ಕಾಮೆಂಟ್ಸ್) ಎಂಬ ವಿನಯದ ಹೆಸರಿಟ್ಟ. ಉಳಿದುಕೊಂಡಿದ್ದ ಮನೆಯ ಗೆಳೆಯರ ನಿದ್ದೆ ಕೆಡಬಾರದೆಂದು ರಾತ್ರಿ ಬಚ್ಚಲುಮನೆಯಲ್ಲಿ ಕೂತು ಬರೆದೆ ಎಂದು ಮುಂದೆ ಅವನೇ ಹೇಳಿಕೊಂಡಿದ್ದಾನೆ. ಆರ್‌ಎಫ್‌ಸಿ ಎಂದೇ ಹೆಸರಾದ ಈ ಸರಣಿ ಇಂದು ಒಂಬತ್ತು ಸಾವಿರ ದಾಟಿದೆ. ಇಮೇಲು, ವೆಬ್ಬು ಎಲ್ಲವೂ ಅದರ ಮಾತು ಕೇಳಿ ನಡೆಯುತ್ತವೆ. ಹೆಸರು ಮಾತ್ರ ಇನ್ನೂ ಕೋರಿಕೆಯೇ.

1975ರಲ್ಲಿ ಸ್ಟಾನ್‌ಫರ್ಡ್‌ನ ರಾಫೆಲ್ ಫಿಂಕೆಲ್ ಪ್ರೋಗ್ರಾಮರುಗಳ ಆಡುಮಾತನ್ನೆಲ್ಲ ಒಂದು ಕಡತಕ್ಕೆ ಸೇರಿಸತೊಡಗಿದ. ಎಂಐಟಿಯವರೂ ಕೈಜೋಡಿಸಿದರು. 1983ರಲ್ಲಿ ಅದು ನಿಘಂಟಾಗಿ ಅಚ್ಚಾಯಿತು. ನನಗೆ ಮುಖ್ಯವಾದದ್ದು ಆ ಕಡತದೊಳಗಿನ ಒಂದು ಕಥೆ. ಹೇಳುವವನು ಆ ನಿಘಂಟಿನ ಸಂಪಾದಕ ಗೈ ಸ್ಟೀಲ್.

ಎಂಐಟಿಯ ಪ್ರಯೋಗಾಲಯದಲ್ಲಿ ಪಿಡಿಪಿ-10 ಎಂಬ ಬೀರುಗಾತ್ರದ ಯಂತ್ರ. ಅದರ ಚೌಕಟ್ಟಿಗೆ ಯಾರೋ ಅಂಟಿಸಿದ ಪುಟ್ಟ ಸ್ವಿಚ್ಚು. ಪೆನ್ಸಿಲ್ಲಿನಲ್ಲಿ ಬರೆದ ಎರಡು ಗುರುತು: ಒಂದು ಕಡೆ ‘ಮಾಯೆ’, ಇನ್ನೊಂದು ಕಡೆ ‘ಹೆಚ್ಚು ಮಾಯೆ’. ಸ್ವಿಚ್ಚು ‘ಹೆಚ್ಚು ಮಾಯೆ’ಯ ಕಡೆಗಿತ್ತು. ಬಗ್ಗಿ ನೋಡಿದರೆ ಅದಕ್ಕೆ ಒಂದೇ ತಂತಿ. ಒಂದೇ ತಂತಿಯ ಸ್ವಿಚ್ಚು ಏನನ್ನೂ ಮಾಡಲಾರದು; ಕರೆಂಟು ಹೋಗಿ ಬರಲು ಎರಡಾದರೂ ಬೇಕು. ಯಾರೋ ಆಟವಾಡಿದ್ದಾರೆ ಎಂದು ಒತ್ತಿದರು. ಯಂತ್ರ ಆ ಕ್ಷಣವೇ ಮಲಗಿತು. ಕಾಕತಾಳೀಯ ಎಂದುಕೊಂಡು ಸ್ವಿಚ್ಚನ್ನು ಮೊದಲಿದ್ದ ಕಡೆಗೇ ತಿರುಗಿಸಿ ಮತ್ತೆ ಚಾಲೂ ಮಾಡಿದರು. ವರ್ಷದ ನಂತರ ಇನ್ನೊಬ್ಬ ಗೆಳೆಯನಿಗೆ ತೋರಿಸಲು ಹೋಗಿ ಮತ್ತೆ ಒತ್ತಿದಾಗ ಮತ್ತೆ ಮಲಗಿತು. ಕೊನೆಗೆ ಒಬ್ಬ ಹಿರಿಯ ಬಂದು, ಕಟ್ಟರ್ ತಂದು ಸ್ವಿಚ್ಚನ್ನೇ ಕತ್ತರಿಸಿ ತೆಗೆದ. ಆಮೇಲೆ ಏನೂ ತೊಂದರೆಯಾಗಲಿಲ್ಲ. ಸ್ವಿಚ್ಚಿನ ಲೋಹದ ಮೈ ಪೆಟ್ಟಿಗೆಯ ಅರ್ತಿಂಗಿಗೆ ತಾಗಿಕೊಂಡು, ಒಳಗಿನ ಗ್ರೌಂಡ್ ವೋಲ್ಟೇಜಿಗೆ ಒಂದಿಷ್ಟು ಜಗ್ಗಾಟ ಕೊಟ್ಟಿರಬಹುದು ಎಂಬುದೊಂದು ಊಹೆ. ಕೈಪಿಡಿಯಲ್ಲಿ ಇದಕ್ಕೆ ಜಾಗವಿಲ್ಲ. ಆದರೆ ‘ಆಗಲಾರದ್ದು ಆಗುತ್ತಿದ್ದರೆ ಅರ್ತಿಂಗು ನೋಡು’ ಎಂಬುದನ್ನು ನಾನು ಕಲಿತದ್ದು ಈ ಕಥೆಯಿಂದಲೇ.

1980ರ ಏಪ್ರಿಲ್ 1ರಂದು ಕಂಪ್ಯೂಟರ್ ವಿಜ್ಞಾನಿ ಡ್ಯಾನಿ ಕೋಹೆನ್ ಬರೆದ ಟಿಪ್ಪಣಿಯದು ಇನ್ನೊಂದು ದಾರಿ. ದೊಡ್ಡ ಸಂಖ್ಯೆಯೊಂದನ್ನು ಮೆಮೊರಿಯಲ್ಲಿ ಹಲವು ಬೈಟುಗಳಾಗಿ ಇಡುವಾಗ ದೊಡ್ಡ ಸ್ಥಾನ ಮೊದಲೋ, ಸಣ್ಣ ಸ್ಥಾನ ಮೊದಲೋ ಎಂದು ಯಂತ್ರ ತಯಾರಿಸುವವರಲ್ಲಿ ಜಗಳ. ಬೇಯಿಸಿದ ಮೊಟ್ಟೆಯನ್ನು ದಪ್ಪ ತುದಿಯಿಂದ ಒಡೆಯಬೇಕೋ ಸಣ್ಣ ತುದಿಯಿಂದಲೋ ಎಂದು ಗಲಿವರನ ಪ್ರವಾಸದಲ್ಲಿ ಲಿಲಿಪುಟ್ಟಿನವರು ಕಾದಾಡುತ್ತಾರಲ್ಲ, ಕೋಹೆನ್ ಆ ಪಂಗಡಗಳ ಹೆಸರನ್ನೇ ಇವರಿಗೂ ಅಂಟಿಸಿದ. ಗೇಲಿಗೆಂದು ಇಟ್ಟ ‘ಬಿಗ್ ಎಂಡಿಯನ್’, ‘ಲಿಟಲ್ ಎಂಡಿಯನ್’ ಇಂದು ಪಠ್ಯಪುಸ್ತಕದ ಪರಿಭಾಷೆ. ನಮ್ಮಲ್ಲೂ ಇದು ಹೊಸದಲ್ಲ ಎಂದು ನಾನು ಟೀ ಅಂಗಡಿಯಲ್ಲಿ ಜಂಬ ಕೊಚ್ಚುವುದುಂಟು: ಶಾಸನಗಳಲ್ಲಿ ಶಕವರ್ಷವನ್ನು ಪದಗಳಲ್ಲಿ ಹೇಳುವ ಪದ್ಧತಿಯಲ್ಲಿ ಬಿಡಿಸ್ಥಾನ ಮೊದಲು. ‘ವೇದ-ನಯನ’ ಎಂದರೆ 42 ಅಲ್ಲ, 24. ಅಪ್ಪಟ ಲಿಟಲ್ ಎಂಡಿಯನ್.

1982ಕ್ಕೆ ಬಂದರೆ ಅಮೆರಿಕದ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ವಿಭಾಗ. ಕೋಕ್ ಯಂತ್ರ ಇದ್ದದ್ದು ಒಂದು ಕಡೆ, ಕೆಲವರ ಕೋಣೆ ದೂರ. ಅಷ್ಟು ನಡೆದು ಹೋದರೆ ಯಂತ್ರ ಖಾಲಿ, ಇಲ್ಲವೇ ಆಗಷ್ಟೇ ತುಂಬಿದ ಬೆಚ್ಚಗಿನ ಬಾಟಲಿ. ಬಾಟಲಿ ಹೊರಬಿದ್ದಾಗ ಮಿನುಗುವ ದೀಪಗಳಿಗೆ ತಂತಿ ಜೋಡಿಸಿ ಕಂಪ್ಯೂಟರಿಗೆ ಕೊಟ್ಟರು. ತುಂಬಿ ಮೂರು ಗಂಟೆ ಕಳೆದ ಬಾಟಲಿ ‘ತಣ್ಣಗಿದೆ’ ಎಂದು ಲೆಕ್ಕ. ಅರ್ಪಾನೆಟ್ಟಿನಲ್ಲಿದ್ದವರು ಯಾರು ಬೇಕಾದರೂ ವಿಚಾರಿಸಬಹುದಿತ್ತು, ಅವರಿಗೆ ಕುಡಿಯಲು ಸಿಗದಿದ್ದರೂ.

ಅದೇ ವರ್ಷ, ಅದೇ ವಿಭಾಗ. ಹಗ್ಗ ಹರಿದು ಬೀಳುವ ಲಿಫ್ಟಿನಲ್ಲಿ ಉರಿಯುವ ಮೇಣದಬತ್ತಿ, ಪಾದರಸದ ಹನಿ ಏನಾಗುತ್ತವೆ ಎಂದು ಕಂಪ್ಯೂಟರಿನ ಸೂಚನಾ ಫಲಕದಲ್ಲಿ ಹರಟೆ. ‘ಎಡಗಡೆಯ ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ, ಎಚ್ಚರಿಕೆ’ ಎಂದು ಒಬ್ಬ ತಮಾಷೆಗೆ ಬರೆದ. ಕೆಲವರು ನಂಬಿದರು. ಹಾಗಾದರೆ ತಮಾಷೆಗೆ ಒಂದು ಗುರುತು ಬೇಕು ಎಂದು ಮತ್ತೆ ಚರ್ಚೆ. ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್‌ಮನ್ ಮೂರು ಚಿಹ್ನೆ ಜೋಡಿಸಿ :-) ಎಂದು ಬರೆದು, ತಲೆ ವಾರೆ ಮಾಡಿ ಓದಿ ಎಂದ. ಆ ಸಂದೇಶ ಕಳೆದೇಹೋಗಿತ್ತು; 2002ರಲ್ಲಿ ಹಳೆಯ ಬ್ಯಾಕಪ್ ಟೇಪುಗಳನ್ನು ಜಾಲಾಡಿ ಹೊರತೆಗೆದರು.

ಕೋಕಿನ ತಮ್ಮ ಕಾಫಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1991ರಲ್ಲಿ ಕಾಫಿ ಪಾತ್ರೆಯ ಮುಂದೆ ಕ್ಯಾಮೆರಾ ಇಟ್ಟು, ಖಾಲಿಯೋ ಅಲ್ಲವೋ ಎಂದು ಕೂತಲ್ಲಿಂದಲೇ ನೋಡುವ ಏರ್ಪಾಡು ಮಾಡಿದರು. 128ಕ್ಕೆ 128 ಚುಕ್ಕಿಗಳ ಕಪ್ಪುಬಿಳುಪು ಚಿತ್ರ. 1993ರಲ್ಲಿ ಅದು ವೆಬ್ಬಿಗೆ ಬಂದು ಜಗತ್ತಿನ ಮೊದಲ ವೆಬ್‌ಕ್ಯಾಮ್ ಎನಿಸಿತು. 2001ರಲ್ಲಿ ಕ್ಯಾಮೆರಾ ನಿಂತಾಗ ಕೆಟ್ಟ ಪಾತ್ರೆ 3,350 ಪೌಂಡಿಗೆ ಹರಾಜಾಯಿತು.

ಈ ಹುಚ್ಚನ್ನೆಲ್ಲ ನೋಡುತ್ತಿದ್ದವರಿಗೆ ಅಣಕ ಮಾಡದೆ ಇರಲಾದೀತೇ? 1998ರ ಏಪ್ರಿಲ್ 1ರಂದು ಲ್ಯಾರಿ ಮಾಸಿಂಟರ್ ಆರ್‌ಎಫ್‌ಸಿ 2324 ಬರೆದ: ಕಾಫಿ ಪಾತ್ರೆಗಳನ್ನು ವೆಬ್ ಮೂಲಕ ನಡೆಸುವ ಗಂಭೀರ ಮುಖದ ನಿಯಮಾವಳಿ. ಟೀಪಾಟಿಗೆ ಕಾಫಿ ಮಾಡೆಂದರೆ ಅದು 418 ಎಂದು ಉತ್ತರಿಸಬೇಕು. ನಕ್ಕು ಮರೆಯುವ ಬದಲು ಪ್ರೋಗ್ರಾಮರುಗಳು ಅದನ್ನು ನಿಜವಾದ ತಂತ್ರಾಂಶಗಳೊಳಗೆ ಸೇರಿಸಿದರು. 2017ರಲ್ಲಿ ವೆಬ್ ನಿಯಮಗಳ ಹಿರಿಯರೊಬ್ಬರು ಇದನ್ನು ತೆಗೆದುಬಿಡಿ ಎಂದಾಗ ಹದಿಹರೆಯದ ಹುಡುಗನೊಬ್ಬ ‘418 ಉಳಿಸಿ’ ಚಳವಳಿಯನ್ನೇ ಹೂಡಿದ. 2022ರ ಆರ್‌ಎಫ್‌ಸಿ 9110 ರಾಜಿಗೆ ಬಂತು: ಈ ಸಂಖ್ಯೆಯನ್ನು ಜನ ತಮಾಷೆಗೆ ಎಷ್ಟು ಬಳಸಿದ್ದಾರೆಂದರೆ ಬೇರೆ ಕೆಲಸಕ್ಕೆ ಅದು ಒದಗದು, ಆದ್ದರಿಂದ ಕಾಯ್ದಿರಿಸಲಾಗಿದೆ. ನಮ್ಮ ಸರ್ವರಿನಲ್ಲಿ ಕಂಡದ್ದು ಅದೇ. ಬೇಡದ ಬಾಟ್‌ಗಳನ್ನು ವಾಪಸು ಕಳಿಸಲು ಯಾರೋ ಆ ಸಂಖ್ಯೆ ಹಾಕಿಟ್ಟಿದ್ದರು.

ಈ ಹರಟೆಯಲ್ಲಿ ನಮ್ಮದೊಂದು ಅಕ್ಷರವೂ ಕೂತಿದೆ. ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ 1991ರ ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಮನೆಗಳ ಓಣಿ ಸಿಕ್ಕಿತು. ಅಲ್ಲಿಂದ ಯಾರೋ ನಮ್ಮ ‘ಠ’ವನ್ನು ಎತ್ತಿಕೊಂಡು ಹೋಗಿ ಎರಡು ಕಣ್ಣು ಮಾಡಿದರು: ಠ_ಠ. ‘ಇದೇನು ಮಾಡಿದೆ ಮಹಾರಾಯ’ ಎಂಬ ನೋಟ. ‘ಥ’ ಅಳುವ ಕಣ್ಣಾಯಿತು. ಕನ್ನಡ ಒಂದಕ್ಷರ ಬಾರದವರೂ ಸಹೋದ್ಯೋಗಿಯ ಕೆಟ್ಟ ಕೋಡಿನ ಕೆಳಗೆ ಮಹಾಪ್ರಾಣ ಬರೆಯುತ್ತಾರೆ, ನಮ್ಮ ಮಕ್ಕಳಿಗೆ ಅದನ್ನು ಉಚ್ಚರಿಸಲು ಕಲಿಸುವಾಗ ಪ್ರಾಣ ಹೋಗುತ್ತದೆ.

ಹುಡುಗಿ ಟೀ ಮುಗಿಸಿ, ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ತೆರೆದು, ನಮ್ಮ ತಂಡದ ಗುಂಪಿಗೆ ಠ_ಠ ಕಳಿಸಿದಳು. 418 ಹಾಕಿಟ್ಟವನು ಸಿಕ್ಕಿಬಿದ್ದ.