ಗುರುತು ಮೀರಿದ ನೀರು: ಕೃಷ್ಣಾ–ಪಂಚಗಂಗಾ ತೀರದ ಮಹಾಪೂರಗಳು

ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ಹಾಗೂ ಗುಪ್ತವಾಹಿನಿಯೆಂದು ನಂಬಲಾದ ಸರಸ್ವತಿ ಕೂಡಿ ಪಂಚಗಂಗೆಯಾಗುತ್ತವೆ. ಆ ಪಂಚಗಂಗೆಯು ನಮ್ಮ ಶಿರೋಳ ತಾಲೂಕಿನ ನರಸೋಬನ ವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. 1917ರಲ್ಲಿ ರಾಜರ್ಷಿ ಶಾಹೂ ಮಹಾರಾಜರು ತಮ್ಮ ಜನಕ ತಂದೆ ಜಯಸಿಂಗರಾವ ಘಾಟಗೆಯವರ ಹೆಸರಿನಲ್ಲಿ ನೆಲೆಗೊಳಿಸಿದ ಈ ಜಯಸಿಂಗಪುರದ ಸುತ್ತಲಿನ ಬದುಕೆಲ್ಲ ಈ ಎರಡು ಹೊಳೆಗಳ ಕೊಡುಗೆ. ಕಬ್ಬೂ ಅವುಗಳದೇ, ಕಷ್ಟವೂ ಅವುಗಳದೇ.

ವಾಡಿಯ ದತ್ತ ಮಂದಿರದಲ್ಲಿ ಹೊಳೆ ಏರಿದಾಗ ನೀರು ಗರ್ಭಗುಡಿಯನ್ನು ಹೊಕ್ಕು, ಪಾದುಕೆಗಳ ಮೇಲೆ ಹರಿದು, ದಕ್ಷಿಣ ಬಾಗಿಲಿನಿಂದ ಹೊರಬೀಳುತ್ತದೆ. ಇದೇ 'ದಕ್ಷಿಣದ್ವಾರ'. ಆ ನೀರಿನಲ್ಲಿ ಮಿಂದು ಭಕ್ತರು ಧನ್ಯರಾಗುತ್ತಾರೆ. ನೆರೆಯನ್ನೂ ಪೂಜಿಸಿದ ಈ ಸಂಸ್ಕೃತಿ ದೊಡ್ಡದು. ಆದರೆ ಪ್ರತಿವರ್ಷ ಬಂದು ಹೋಗುವ ನೆಂಟನೆಂದು ಹೊಳೆಯನ್ನು ಭಾವಿಸಿದ್ದರಿಂದ, ಅದರ ಉಗ್ರರೂಪವನ್ನು ನಾವು ಮರೆತೆವು.

ಎಚ್ಚರಿಕೆಯ ಸಾಧನಗಳಿಗೇನೂ ಕೊರತೆಯಿರಲಿಲ್ಲ. ಕೊಲ್ಲಾಪುರದ ರಾಜಾರಾಮ ಬಂಧಾರೆಯಲ್ಲಿ 39 ಅಡಿ ಎಚ್ಚರಿಕೆಯ ಮಟ್ಟ, 43 ಅಡಿ ಅಪಾಯದ ಮಟ್ಟ. ಸಾಂಗಲಿಯ ಆಯರ್ವಿನ್ ಸೇತುವೆಯಲ್ಲಿ ಅವು ಕ್ರಮವಾಗಿ 40 ಮತ್ತು 45 ಅಡಿ. 2005ರಲ್ಲಿ ಸಾಂಗಲಿಯ ನೀರು 53 ಅಡಿ ಮೀರಿತು. ಅಂದಿನಿಂದ ಜನಮನದಲ್ಲಿ ಹೊಸದೊಂದು ಅಳತೆಗೋಲು ನಿಂತಿತು. 'ಐದನೆಯ ಇಸವಿಯಲ್ಲಿ ನೀರು ಇಲ್ಲಿಯವರೆಗೆ ಬಂದಿತ್ತು. ಇದಕ್ಕಿಂತ ಹೆಚ್ಚು ಬರಲಾರದು' ಎಂಬ ಮಾತು ಶಾಸನದಂತಾಯಿತು. ಸರಕಾರದ ಅಳತೆಪಟ್ಟಿಗಿಂತ ಗೋಡೆಯ ಮೇಲಿನ ಹಳೆಯ ಕಲೆಯನ್ನೇ ಜನ ನೆಚ್ಚಿದರು.

2019ರ ಆಗಸ್ಟ್‌ನಲ್ಲಿ ಆ ನಂಬಿಕೆ ಮುಳುಗಿತು. ಸಾಂಗಲಿಯಲ್ಲಿ ನೀರು 57 ಅಡಿ, ಕೊಲ್ಲಾಪುರದಲ್ಲಿ 55 ಅಡಿ ದಾಟಿತು. ಪುಣೆ–ಬೆಂಗಳೂರು ಹೆದ್ದಾರಿ ಹಲವು ದಿನ ಮುಚ್ಚಿತು. ಹಳೆಯ ಗುರುತನ್ನು ನಂಬಿ ಸಾಮಾನನ್ನು ಅಟ್ಟಕ್ಕೇರಿಸಿ ಕುಳಿತವರು ಕೊನೆಗೆ ದೋಣಿಗಾಗಿ ಕೈಬೀಸಬೇಕಾಯಿತು. ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ಊರವರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಹಲವರು ಪ್ರಾಣ ತೆತ್ತರು. ಎರಡೇ ವರ್ಷ ಕಳೆದು, 2021ರ ಜುಲೈನಲ್ಲಿ, ಕೊಲ್ಲಾಪುರದ ನೀರು 56 ಅಡಿಯನ್ನೂ ಮೀರಿತು. ಹದಿನಾಲ್ಕು ವರ್ಷ ಬಾಳಿದ ಗುರುತು ಹೋಗಿ, ಹೊಸ ಗುರುತು ಎರಡೇ ವರ್ಷಕ್ಕೆ ಹಳತಾಯಿತು.

ಕಾರಣಗಳ ಚರ್ಚೆ ಬಹಳವಾಯಿತು. ಒಂದು ರಾಜ್ಯ ಆಲಮಟ್ಟಿಯತ್ತ ಬೆರಳು ತೋರಿದರೆ, ಇನ್ನೊಂದು ಕೊಯ್ನಾದತ್ತ ತೋರಿತು. ಗಡಿಯಲ್ಲಿರುವ ನಾವು ಎರಡೂ ಭಾಷೆಗಳಲ್ಲಿ ಆ ವಾದ ಕೇಳಿದೆವು. ಆದರೆ ಘಟ್ಟದ ಮಳೆ ಯಾವ ಗಡಿಯನ್ನೂ ಅರಿಯದು. ಕೃಷ್ಣೆ ತುಂಬಿದಾಗ ಪಂಚಗಂಗೆಯ ನೀರಿಗೆ ಮುಂದೆ ದಾರಿಯಿಲ್ಲದೆ ಅದು ಹಿಂದಕ್ಕೆ ಒತ್ತುತ್ತದೆ. ಸಪಾಟಾದ ಈ ನೆಲದಲ್ಲಿ ಏರಿದ ನೀರು ಬೇಗ ಇಳಿಯದು. ಹೊಳೆಯ ಪಾತ್ರದಲ್ಲಿ ಮಣ್ಣು ತುಂಬಿ ಮನೆ ಕಟ್ಟಿದವರು ಮಾತ್ರ ನಾವೇ.

ಖಿದ್ರಾಪುರದ ಕೋಪೇಶ್ವರನ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ಹಿರಿಯರು ದಾನದತ್ತಿಗಳನ್ನು ಕಲ್ಲಿನಲ್ಲಿ ಬರೆಸಿದರು, ಮುಂದಿನವರು ಮರೆಯದಿರಲೆಂದು. ಹಾಗೆಯೇ ಪ್ರತಿ ಊರಿನ ಶಾಲೆಯ ಗೋಡೆಯ ಮೇಲೆ 2005, 2019, 2021ರ ನೀರಿನ ಮಟ್ಟವನ್ನು ಬರೆಸೋಣ. ಅದರ ಕೆಳಗೆ ಇನ್ನೊಂದು ಸಾಲೂ ಇರಲಿ: 'ಇದೇ ಕೊನೆಯಲ್ಲ.' ಅಪಾಯದ ಮಟ್ಟ ಮುಟ್ಟುವ ಮೊದಲೇ ಮುದುಕರು, ಮಕ್ಕಳು, ದನಕರುಗಳೊಡನೆ ಮನೆ ಬಿಡುವುದು ಹೇಡಿತನವಲ್ಲ, ವಿವೇಕ. ಹೊಳೆತಾಯಿಗೆ ಬಾಗಿನ ಅರ್ಪಿಸುವ ನಾವು ಅವಳಿಗೆ ದಾರಿಯನ್ನೂ ಬಿಟ್ಟುಕೊಡೋಣ.